ಪೋರ್ಟಲ್ ಮಾಡಿಸಿದ ಮದುವೆ

ನವೆಂಬರ್ 12, 2024. ಮಂಗಳವಾರ

ಮೂಡಲಗಿ. ಬೆಳಿಗ್ಗೆಯಿಂದ ಸರ್ವರ್ ಮಲಗಿದೆ. ಎಬ್ಬಿಸಿರಪ್ಪಾ ಎಂದು ಬೆಂಗಳೂರಿಗೆ ಫೋನ್ ಮಾಡಿದರೆ ಅಲ್ಲಿ ಅವರೇ ಮಲಗಿದ್ದಾರೆ.

ಕೇದಾರಿಯವರಿಗೆ ಇನ್ನೊಮ್ಮೆ ಟ್ರೇನಿಂಗ್. ಸರಕಾರದ ಕಲ್ಯಾಣ ಮಂಡಳಿಯ ಮೂಡಲಗಿ ಕಚೇರಿಯಲ್ಲಿ ಅರ್ಜಿ ನೋಡುವವರು ಅವರು. ಹೊಲಿಗೆ ಯಂತ್ರದ ಅನುದಾನ ಒಂದು ಕಪಾಟಿನಲ್ಲಿ, ಕೊಳವೆಬಾವಿಯದು ಇನ್ನೊಂದರಲ್ಲಿ. ಮದುವೆ ಪ್ರೋತ್ಸಾಹಧನದ ಅರ್ಜಿಗಳು ಅವರ ಮೇಜಿನ ಖಾನೆಯಲ್ಲಿ, ಊಟದ ಡಬ್ಬಿಯ ಕೆಳಗೆ. ಇವೆಲ್ಲ ಒಂದೇ ಪೋರ್ಟಲ್‌ಗೆ ಬರಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಮೊದಲು... ಆಮೇಲೆ ಇಡೀ ರಾಜ್ಯ. ಅದಕ್ಕೇ ಕಂಪನಿ ನನಗೆ ಪಗಾರ ಕೊಡುತ್ತದೆ.

"ಮೇಡಮ್ಮಾರ, ಈ ಪೋರ್ಟಲ್ ಬಂದಮ್ಯಾಲ ಮಂದಿ ನಮ್ಮ ಕಡೆ ಬರೂದ ಇಲ್ಲೇನ್ರಿ?"

"ಮನ್ಯಾಗ ಕುಂತ ಅರ್ಜಿ ಹಾಕ್ತಾರ್ರಿ. ಎಲ್ಲಿ ಮಟ ಬಂತು ಅಂತ ಫೋನ್‌ನ್ಯಾಗ ನೋಡ್ಕೋತಾರ."

"ಹಂಗಾರ ನಮಗ ನಮಸ್ಕಾರ ಮಾಡಾವ್ರ ಯಾರ್ರಿ?"

ನಗು ಬಂತು. ಅವರು ತಮಾಷೆ ಮಾಡಿದ್ದಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯನ್ನು ಸ್ವಲ್ಪ ಬದಿಗೆ ಸರಿಸುವ ಕೆಲಸ ನಮ್ಮದು. ಇಷ್ಟಪಟ್ಟು ಮಾಡುತ್ತಿದ್ದೇನೆ. ಹೊರಗೆ ಹೇಳಿದರೆ ದೊಡ್ಡ ಮಾತಾಗುತ್ತದೆ, ಇಲ್ಲಿ ಬರೆದುಕೊಳ್ಳಬಹುದು.

ಸಂಜೆ ಗೋಕಾಕಕ್ಕೆ ವಾಪಸ್. ಕರದಂಟಿನ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಮೆಟ್ಟಿಲು ಹತ್ತುವಾಗಲೇ ಬೆಲ್ಲ, ತುಪ್ಪದ ವಾಸನೆ. ವೃಷಭ ಇನ್ನೂ ಕೂತಿದ್ದ. ಪೋರ್ಟಲಿನ ಒಳಗಿನ ಕೋಡೆಲ್ಲ ಅವನದು, ಹೊರಗಿನ ಓಡಾಟವೆಲ್ಲ ನನ್ನದು. ಕಾಗದದ ಮೇಲೆ ಒಂದು ತುಂಡು ಕರದಂಟು ತೆಗೆದಿಟ್ಟಿದ್ದ — ನನಗೆ. ಇಂಥದಕ್ಕೇ ಅಲ್ಲವೇ ನಾನು ಬಿದ್ದದ್ದು.

ಎರಡು ವರ್ಷವಾಯಿತು. ಹುಕ್ಕೇರಿಯ ಜೈನರ ಮನೆಯ ಹುಡುಗ, ಮೇಲವಂಕಿಯ ಬೌದ್ಧರ ಮನೆಯ ಹುಡುಗಿ. ಅವನಿಗಾಗಿ, ಡಬ್ಬಿಯ ಪಲ್ಯಕ್ಕೆ ಬೆಳ್ಳುಳ್ಳಿ ಹಾಕದಂತೆ ಅವ್ವನಿಗೆ ಹೇಳಿದ್ದೇನೆ. "ಹೊಟ್ಟಿ ಉರೀತೈತಿ" ಎಂದು ಸುಳ್ಳು ಹೇಳಿ. ಅವ್ವ ಪಾಪ, ಜೀರಿಗೆ ಕಷಾಯ ಮಾಡಿಕೊಡುತ್ತಾಳೆ.

ನವೆಂಬರ್ 21, ಗುರುವಾರ

ಇವತ್ತಿನದು ಬರೆಯದೆ ಮಲಗಲಾರೆ.

ಮದುವೆ ಪ್ರೋತ್ಸಾಹಧನದ ಭಾಗ ಟೆಸ್ಟ್ ಮಾಡುವುದಿತ್ತು. ಪರಿಶಿಷ್ಟ ಜಾತಿಯವರು ಬೇರೆಯವರನ್ನು ಮದುವೆಯಾದರೆ ಮಂಡಳಿ ಕೊಡುವ ಹಣ. ಸುಳ್ಳು ಆಧಾರ್, ಸುಳ್ಳು ಜಾತಿ ಪ್ರಮಾಣಪತ್ರ ಹಾಕಿದರೆ ಅರ್ಜಿ ಮುಂದಕ್ಕೆ ಹೋಗುವುದೇ ಇಲ್ಲ. ಖರೆ ಮನುಷ್ಯರೇ ಬೇಕು.

ವೃಷಭ ಸುತ್ತ ನೋಡಿದ. ನಾವಿಬ್ಬರೇ.

"ನಿನ್ನ ಆಧಾರ್ ನಂಬರ್ ಹೇಳು."

"ಯಾಕ?"

"ಹೆಣ್ಣ ಬೇಕಾಗೇತಿ."

"ಗಂಡು?"

"ಇಲ್ಲೇ ಕುಂತಾನಲ್ಲ."

ಮದುವೆಯ ದಿನಾಂಕ ಅಂತ ಒಂದು ಖಾನೆ. ಮುಂದಿನ ಮೇ ತಿಂಗಳ ಒಂದು ತಾರೀಖು ಹಾಕಿದ. ಕೆಂಪು ಅಕ್ಷರ ಬಂತು — ದಿನಾಂಕ ಇಂದಿಗಿಂತ ಹಿಂದಿನದಾಗಿರಬೇಕು. ಆ ನಿಯಮ ಬರೆದವನೂ ಅವನೇ! ಸ್ವಲ್ಪ ಯೋಚಿಸಿ ಸೆಪ್ಟೆಂಬರ್ ಒಂಬತ್ತು ಹಾಕಿದ. ಯಾಕೆ ಅದೇ ಅಂದೆ. "ನಿನ್ನ ಡಬ್ಬಿಯೊಳಗಿನ ಪಲ್ಯಾ ಮೊದಲನೇ ಸಲ ತಿಂದಿದ್ದು ಅವತ್ತ." ನನಗೇ ನೆನಪಿರಲಿಲ್ಲ.

ಜೋಡಿ ಫೋಟೋ ಬೇಕಿತ್ತು. ಕಡತಗಳ ರಾಶಿಯ ಮೇಲೆ ಮೊಬೈಲ್ ಒರಗಿಸಿ, ಗೋಡೆಗೆ ನಿಂತು ತೆಗೆದುಕೊಂಡೆವು. "ನಗಬ್ಯಾಡ, ಸರಕಾರಿ ಫೋಟೋ ಐತಿ" ಅಂದ. ಹಾಗಂದರೆ ಯಾರು ನಗದೆ ಇರುತ್ತಾರೆ? ನೋಂದಣಿ ಪತ್ರದ ಜಾಗಕ್ಕೆ ಖಾಲಿ ಹಾಳೆ ಸ್ಕ್ಯಾನ್ ಮಾಡಿ ಹಾಕಿದ. ಅದನ್ನೂ ಒಪ್ಪಿಕೊಂಡಿತು. (ನಾಳೆ ಸರಿಪಡಿಸಬೇಕು.)

ಪರದೆಯ ಮೇಲೆ ಬಂತು: ಆಮ್ರಪಾಲಿ ಮತ್ತು ವೃಷಭ ದಂಪತಿಯ ಅರ್ಜಿ ಸ್ವೀಕೃತವಾಗಿದೆ.

ದಂಪತಿ. ಸರಕಾರಿ ಅಕ್ಷರದಲ್ಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಗುವವರು ನಗಲಿ. ನಾನಂತೂ ಬಹಳ ಹೊತ್ತು ನೋಡುತ್ತ ಕೂತಿದ್ದೆ. ಬೇಗ ಪೇಜ್ ಮುಚ್ಚಲಿಲ್ಲ ಅವನೂ.

ಡಿಸೆಂಬರ್ 17, ಮಂಗಳವಾರ

ಗೋ-ಲೈವ್, ಅಂದರೆ ಪೋರ್ಟಲ್ ಜನರಿಗೆ ತೆರೆಯುವುದು, ಹೊಸ ವರ್ಷಕ್ಕೆ ಇತ್ತು. ಈಗ ಜನವರಿ 26 ಅಂತೆ. ಮಂತ್ರಿಗಳ ಕೈಯಿಂದ ಬಟನ್ ಒತ್ತಿಸಬೇಕಂತೆ.

ಇದರಿಂದ ನನಗೇನು? ನನಗೇ ಎಲ್ಲಾ. ಯಾಕೆಂದರೆ ವೃಷಭನ ಮಾತು ಒಂದೇ: "ಗೋ-ಲೈವ್ ಒಂದ ಆಗ್ಲಿ. ಮನ್ಯಾಗ ಹೇಳ್ತೇನಿ. ಈಗ ತಲಿ ಸರಿ ಇಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನೆ ಅಂತ ರೇಗಿದೆ. ಮುಖ ಸಣ್ಣ ಮಾಡಿಕೊಂಡ. ಸಣ್ಣ ಮುಖ ನೋಡಿದರೆ ನನ್ನ ಸಿಟ್ಟು ನಿಲ್ಲುವುದಿಲ್ಲ — ಅದು ಅವನಿಗೂ ಗೊತ್ತು.

ಜನವರಿ 27, ಸೋಮವಾರ

ಆಗಲಿಲ್ಲ. ಏಪ್ರಿಲ್ ಒಂದಕ್ಕೆ, ಹೊಸ ಆರ್ಥಿಕ ವರ್ಷಕ್ಕೆ ಹೋಯಿತು.

ವೃಷಭನ ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡ ಹಾಗಾಯಿತು. ನನ್ನ ಕಣ್ಣೇ ಸರಿ ಇಲ್ಲವೋ ಏನೋ.

ಫೆಬ್ರುವರಿ 13, ಗುರುವಾರ

ಹುಕ್ಕೇರಿ ಕಚೇರಿಯಲ್ಲಿ ಟ್ರೇನಿಂಗ್. ಇಬ್ಬರೂ ಹೋಗಿದ್ದೆವು. ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಬಜಾರಿನಲ್ಲಿ ಅವನ ತಾಯಿ ಸಿಕ್ಕರು. ಜಿನ್ನವ್ವ. ತಲೆ ತುಂಬ ಸೆರಗು, ಕೈಯಲ್ಲಿ ಬಾಳೆಹಣ್ಣಿನ ಚೀಲ. ಮುಖ ಥೇಟ್ ಅವನದೇ.

"ಇವ್ರು ನಮ್ಮ ಆಫೀಸಿನ ಮೇಡಂ" ಅಂದ.

"ಮನಿಗಿ ಕರ್ಕೊಂಡ ಬಾರಲ್ಲ, ಹೊತ್ತ ಮುಳಗೂದ್ರಾಗ ಉಂಡ ಹೋಗ್ತಾರ" ಅಂದರು ಆಕೆ. ಎಷ್ಟು ಚೆನ್ನಾಗಿ ಅಂದರು! ನನ್ನ ಕಾಲು ಅತ್ತ ಹೊರಟೇಬಿಟ್ಟಿತ್ತು.

"ಅವ್ರಿಗಿ ಬಸ್ ತಪ್ಪತೈತಿ" ಅಂದ ವೃಷಭ.

"ಯಾವ ಊರವಾ ನಿಮ್ಮದು? ಯಾರ ಪೈಕಿ?"

ನಾನು ಬಾಯಿ ತೆಗೆಯುವ ಮೊದಲೇ ಅವನು, "ಗೋಕಾಕದ ಕಡೇವ್ರು" ಅಂದುಬಿಟ್ಟ. ಊರಿನ ಹೆಸರು ಹೇಳಿದರೆ ಓಣಿ ಕೇಳುತ್ತಾರೆ, ಓಣಿ ಹೇಳಿದರೆ ಎಲ್ಲಾ ಹೇಳಿದ ಹಾಗೆ. ಅಷ್ಟು ನನಗೂ ತಿಳಿಯುತ್ತದೆ.

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತೆ. ಘಟಪ್ರಭಾ ಬಂದಾಗ, "ಏಪ್ರಿಲ್‌ನ್ಯಾಗ ನೋಡ, ನಾನ ನಿನ್ನ ಕೈ ಹಿಡಕೊಂಡ ಕರಕೊಂಡ ಹೋಗ್ತೇನಿ" ಅಂದ. ನಂಬಿದೆ. ನಂಬಲು ನನಗೆ ಇಷ್ಟೇ ಸಾಕಾಗುತ್ತದೆ, ಮಳ್ಳಿ ನಾನು.

ಏಪ್ರಿಲ್ 1, ಮಂಗಳವಾರ. ರಾತ್ರಿ

ಗೋ-ಲೈವ್!!

ಬೆಳಿಗ್ಗೆ ಹನ್ನೊಂದಕ್ಕೆ ಬಟನ್ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಹಿಡಕಲ್‌ನಿಂದ ಒಬ್ಬಾಕೆ ಮೀನುಬಲೆಯ ಅನುದಾನಕ್ಕೆ ಅರ್ಜಿ ಹಾಕಿದಳು, ತನ್ನ ಮನೆಯಿಂದಲೇ. ಯಾರ ಮೇಜಿನ ಮುಂದೆಯೂ ನಿಲ್ಲದೆ. ನಾನು ಅಳುವುದೊಂದು ಬಾಕಿ.

ಟೆಸ್ಟ್ ಮಾಡಿದ ಅರ್ಜಿಗಳನ್ನೆಲ್ಲ ಲೈವ್‌ಗೆ ಹೋಗುವ ಮುಂಚೆ ತೆಗೆಯಬೇಕಿತ್ತು, ಅದು ವೃಷಭನ ಕೆಲಸ. "ಎಲ್ಲಾ ತಗದೇನಿ" ಅಂದ. ಟೆಸ್ಟ್ ನಡೆಯುವಾಗ ಹೊರಗೆ ಯಾರಿಗೂ ಮೆಸೇಜ್ ಹೋಗುತ್ತಿರಲಿಲ್ಲ. ಇವತ್ತಿನಿಂದ ಪ್ರತಿ ಅರ್ಜಿದಾರರಿಗೂ ತಾನೇ ಹೋಗುತ್ತದೆ. ಆಧಾರ್‌ನಲ್ಲಿ ಇರುವ ನಂಬರಿಗೆ.

ಕೆಳಗಿನ ಅಂಗಡಿಯವರು ಎಲ್ಲರಿಗೂ ಕರದಂಟು ಕಳಿಸಿದರು. ಒಂದು ವಾರ ಬಿಟ್ಟು ಮನೆಯಲ್ಲಿ ಹೇಳುತ್ತೇನೆ ಅಂದಿದ್ದಾನೆ. ಈ ಸಲ ಮುಂದೆ ಹಾಕಲು ಯಾವ ಮಂತ್ರಿಯೂ ಇಲ್ಲ.

ಏಪ್ರಿಲ್ 3, ಗುರುವಾರ

ಫೋನ್ ಮೇಲೆ ಫೋನ್. ಒಬ್ಬರಿಗೆ ಪಾಸ್‌ವರ್ಡ್ ಮರೆತಿದೆ, ಒಬ್ಬರಿಗೆ ಫೋಟೋ ತಿರುಗಿ ಕೂತಿದೆ. ವಾರವೆಲ್ಲ ಗೋಕಾಕದಲ್ಲಿ ಗೆಳತಿಯ ರೂಮಿನಲ್ಲೇ ಇದ್ದೇನೆ. ಮನೆಗೆ ಹೋಗಿಲ್ಲ.

ಮಧ್ಯಾಹ್ನ ವೃಷಭ ಯಾರದೋ ಫೋನ್ ಬಂತೆಂದು ಮೆಟ್ಟಿಲಿಗೆ ಹೋದ. ಬಂದು ಒಂದು ಬಾಟಲಿ ನೀರು ಪೂರಾ ಕುಡಿದ. "ಹುಕ್ಕೇರಿ ರಿಪೋರ್ಟ್ ಓಪನ್ ಆಗಾಕತ್ತೇತೇನ?" ಅಂತ ಕೇಳಿದ. ಆಗುತ್ತಿತ್ತು.

ಏಪ್ರಿಲ್ 5, ಶನಿವಾರ. ಮೇಲವಂಕಿ

ಏನು ಬರೆಯಲಿ... ಎಲ್ಲಿಂದ ಬರೆಯಲಿ.

ಬಾಗಿಲಿಗೆ ಬರುತ್ತಿದ್ದಂತೆ ಅವ್ವ ಕೈ ಹಿಡಿದು ಒಳಗೆ ಎಳೆದುಕೊಂಡಳು. ಒಂದು ಕಣ್ಣಲ್ಲಿ ನಗು, ಒಂದು ಕಣ್ಣಲ್ಲಿ ನೀರು.

"ನಮಗ ಹೇಳಬಾರದಿತ್ತೇನ? ನಾವ ಬ್ಯಾಡ ಅಂತಿದ್ದಿವೇನ?"

ಅಪ್ಪನ ಮೊಬೈಲ್ ತಂದು ತೋರಿಸಿದಳು. ನಮ್ಮದೇ ಪೋರ್ಟಲಿನ ಮೆಸೇಜ್. ಆಮ್ರಪಾಲಿ ಮತ್ತು ವೃಷಭ ದಂಪತಿಯ ಅರ್ಜಿ ಪರಿಶೀಲನೆಯಲ್ಲಿದೆ. ಒತ್ತಿದರೆ ಫೋಟೋ. ಗೋಡೆಗೆ ನಿಂತ ನಾವಿಬ್ಬರು. ಕೆಳಗೆ ಇಬ್ಬರ ಮನೆಯ ವಿಳಾಸ, ಮದುವೆಯ ದಿನಾಂಕ ಸೆಪ್ಟೆಂಬರ್ ಒಂಬತ್ತು.

ನನ್ನ ಆಧಾರ್ ಮಾಡಿಸಿದಾಗ ಮನೆಯಲ್ಲಿ ಇದ್ದದ್ದು ಅಪ್ಪನ ಫೋನ್ ಒಂದೇ. ಆ ನಂಬರೇ ಇನ್ನೂ ಇದೆ. ಮೂರು ತಾಲೂಕಿನ ಊರೂರು ತಿರುಗಿ "ನಿಮ್ಮ ನಂಬರ್ ಬದಲಿ ಮಾಡಿಸ್ಕೋರಿ" ಅಂತ ಭಾಷಣ ಮಾಡಿದ ನಾನು, ನನ್ನದನ್ನು ಮಾಡಿಸಿಲ್ಲ.

ಅವ್ವ ಹಸಿರು ಬಳೆ ತಂದಿಟ್ಟಿದ್ದಳು. ಹಾಕಿಯೇಬಿಟ್ಟಳು. ಇದು ಖರೆ ಅಲ್ಲ ಅಂತ ಹೇಳಲು ಬಾಯಿ ತೆರೆದೆ, ಆಕೆ ಬಳೆ ಹಾಕುತ್ತ ಹಾಕುತ್ತ ನನ್ನ ಕೈಗೆ ಮುತ್ತು ಕೊಟ್ಟಳು. ಬಾಯಿ ಮುಚ್ಚಿಕೊಂಡೆ.

ಅಪ್ಪ ಹಿತ್ತಲಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಹಿಡಕಲ್ ಕಾಲುವೆಯ ಗೇಟಿನ ಕೆಲಸದಿಂದ ನಿವೃತ್ತನಾದ ಮೇಲೆ ಕೈಗೆ ಏನಾದರೂ ಬೇಕೇ ಬೇಕು ಅವನಿಗೆ.

"ನಾ ಹುಕ್ಕೇರಿಗಿ ಹೋಗಿ ಬಂದ್ನೆವಾ" ಅಂದ, ತಲೆ ಎತ್ತದೆ.

"ಯಾವಾಗ?"

"ಗುರುವಾರ. ಬೀಗರ ಮನಿಗಿ ಬರಿಗೈಲೆ ಹೋಗಬಾರದಂತ ಒಂದ ಡಬ್ಬಿ ಕರದಂಟ ತಗೊಂಡ ಹೋಗಿದ್ದೆ."

"ಏನಂದ್ರಪ್ಪಾ?"

"ಚೊಲೋ ಮಂದಿ. ಭಾಳ ಚೊಲೋ ಮಂದಿ. ಚಾ ಕುಡಿಸಿದ್ರು." ಹಗ್ಗ ಬಿಗಿದು ನೋಡಿದ. "ಸ್ವಲ್ಪ ದಿವಸ ತಡೀರಿ, ಮಂದಿಗಿ ಹೇಳೂದ ಬ್ಯಾಡಾ ಅಂದ್ರು. ತಡಿಯೂಣು."

ಅಷ್ಟೇ. ನನ್ನನ್ನು ಒಂದು ಮಾತು ಕೇಳಲಿಲ್ಲ, ಬೈಯಲಿಲ್ಲ.

ಏಪ್ರಿಲ್ 6, ಭಾನುವಾರ

ವೃಷಭ ಫೋನ್ ಎತ್ತುತ್ತಿಲ್ಲ. ನಾಚಿಕೊಂಡಿರಬೇಕು. ಎಲ್ಲಾ ತೆಗೆದೆ ಅಂದವನು ಅದೊಂದನ್ನೇ ಹೇಗೆ ಬಿಟ್ಟ?

ಖುಷಿಯಾಗಿದೆ. ನಿಜವಾಗಿ. ಮದುವೆ ಆಗಿಲ್ಲ, ಅವ್ವನಿಗೂ ಅಪ್ಪನಿಗೂ ತಪ್ಪು ತಿಳಿಸಿದ ಹಾಗಾಗಿದೆ, ಎಲ್ಲಾ ಖರೆ. ಆದರೆ ಎರಡು ವರ್ಷದಲ್ಲಿ ಅವನ ಬಾಯಿಂದ ಬರದ ಮಾತು ನಮ್ಮ ಪೋರ್ಟಲ್ ಹೇಳಿಬಿಟ್ಟಿತು. ಅವರ ಮನೆಯವರು ಚಹಾ ಕುಡಿಸಿದ್ದಾರೆ. ಸ್ವಲ್ಪ ದಿನ ತಡೀರಿ ಅಂದಿದ್ದಾರೆ. ಬೇಡ ಅಂದಿಲ್ಲ!

ನಾಳೆಯ ಡಬ್ಬಿಗೆ ಬೆಳ್ಳುಳ್ಳಿ ಹಾಕಬೇಡ ಅಂದೆ. ಅವ್ವ ನಕ್ಕಳು. "ಈಗ ತಿಳೀತು ನಿನ್ನ ಹೊಟ್ಟಿ ಉರಿ" ಅಂದಳು.

ಏಪ್ರಿಲ್ 7, ಸೋಮವಾರ

ಬಳೆ ನೋಡಿದ ಮೊದಲು. ಆಮೇಲೆ ನನ್ನ ಮುಖ.

"ನಿಮ್ಮಪ್ಪಾರು ಹೇಳಿಲ್ಲೇನ?" ಅಂದ.

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ. ನಾಳೆ ನನ್ನ ಮನಸ್ಸು ಇದನ್ನು ಮೆತ್ತಗೆ ಮಾಡಿಕೊಳ್ಳಬಾರದು.

ಅಪ್ಪ ಬಿಳಿ ಅಂಗಿ, ಬಿಳಿ ಧೋತರ ಉಟ್ಟು ಹೋಗಿದ್ದ. ಜಯಂತಿಗೆ, ಬುದ್ಧ ಪೂರ್ಣಿಮೆಗೆ ಮಾತ್ರ ಉಡುವಂಥದ್ದು. ವೃಷಭನ ತಂದೆ ನೇಮಿನಾಥ ಹೊರಗಿನ ಕಟ್ಟೆಯ ಮೇಲೆ ಕೂರಿಸಿದರಂತೆ. ಒಳಗೆ ಸೆಕೆ ಬಹಳ, ಇಲ್ಲಿ ಗಾಳಿ ಬರುತ್ತದೆ ಅಂದರಂತೆ. ಚಹಾ ಕೊಡಲಿಲ್ಲವಂತೆ. ಮೆಸೇಜ್ ಅವರ ಫೋನಿಗೂ ಬಂದಿತ್ತು, ದುಡ್ಡು ಹೊಡೆಯುವವರ ಮೆಸೇಜ್ ಅಂತ ತೆರೆದಿರಲಿಲ್ಲ. ಅಪ್ಪನೇ ಫೋಟೋ ತೋರಿಸಿದ. "ಮಕ್ಕಳ ಮಾಡ್ಕೊಂಡಾರ್ರಿ ಸಾವ್ಕಾರ್ರ, ದೊಡ್ಡವರ ನಾವ ಒಪ್ಕೊಳ್ಳೂಣು" ಅಂದನಂತೆ.

ನೇಮಿನಾಥ ಅಲ್ಲಿಂದಲೇ ಮಗನಿಗೆ ಫೋನ್ ಹಚ್ಚಿದರು.

"ನೀ ಏನಂದಿ?" ಕೇಳಿದೆ.

"ಖರೇನ ಹೇಳಿದೆ ಆಮ್ರಾ. ಅದ ಮದವಿ ಅಲ್ಲ, ಟೆಸ್ಟ್ ಡೇಟಾ ಐತಿ ಅಂದೆ. ಕಂಪ್ಯೂಟರ್ ಪರೀಕ್ಷಾ ಮಾಡಾಕ ಹಾಕಿದ್ದಿವಿ ಅಂದೆ."

"ಮತ್ತ?"

"ಆಕಿಗೂ ನನಗೂ ಏನಿಲ್ಲ ಅಂದೆ."

"ಫೋನ್ ಸ್ಪೀಕರಿಗಿ ಹಾಕಿದ್ರೇನ?"

ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ. ಅಂದರೆ ಹಾಕಿದ್ದರು. ಅಂದರೆ ಅಪ್ಪ ಕೇಳಿಸಿಕೊಂಡ, ಇವನ ದನಿಯಲ್ಲೇ.

"ನಿಮ್ಮಪ್ಪಾರು ಭಾಳ ಶಾಣ್ಯಾ ಮನಷ್ಯಾರು. ಸಿಟ್ಟ ಮಾಡ್ಲಿಲ್ಲ. ತಪ್ಪಾತ್ರಿ, ಕಂಪ್ಯೂಟರ್ ತಪ್ಪು, ಕ್ಷಮಾ ಮಾಡ್ರಿ ಅಂತ ಕೈ ಮುಗದ ಎದ್ದ ಹ್ವಾದ್ರಂತ."

ಅಪ್ಪ ಕ್ಷಮೆ ಕೇಳಿದ. ಅಪ್ಪ!

"ಕರದಂಟ?"

"ನಮ್ಮಲ್ಲಿ ಹೊರಗಿಂದ ತಿನ್ನೂದಿಲ್ಲ ಅಂತ ನಮ್ಮಪ್ಪಾ..."

ಈ ಮೆಟ್ಟಿಲ ಕೆಳಗಿನ ಅಂಗಡಿಯದೇ ಡಬ್ಬಿ. ದಿನಾ ಅವನು ತಿನ್ನುವುದು, ಹಬ್ಬಕ್ಕೆ ಅವನೇ ಮನೆಗೆ ಒಯ್ಯುವುದು. ಅಪ್ಪ ತಂದರೆ ಹೊರಗಿನದಾಯಿತು. ಆ ಡಬ್ಬಿ ಮೇಲವಂಕಿಗೆ ವಾಪಸ್ ಬಂದಿಲ್ಲ. ಘಟಪ್ರಭಾದಲ್ಲಿ ಯಾರಿಗಾದರೂ ಕೊಟ್ಟನೋ, ಬಸ್ಸಿನಲ್ಲೇ ಬಿಟ್ಟನೋ. ಹೇಗೆ ಕೇಳಲಿ ನಾನು? ಚಹಾ ಕೊಟ್ಟಿದ್ದೂ ಸುಳ್ಳು, ತಡೀರಿ ಅಂದದ್ದೂ ಸುಳ್ಳು. ಹಗ್ಗ ಹೊಸೆಯುತ್ತ ಕೂತು ಅಷ್ಟನ್ನೂ ನನಗಾಗಿ ಕಟ್ಟಿದ.

ಗುರುವಾರ ಮಧ್ಯಾಹ್ನ. ಈ ಮನುಷ್ಯ ಮೆಟ್ಟಿಲ ಮೇಲೆ ನಿಂತು ಅದನ್ನು ಹೇಳುವಾಗ ನಾನು ಬಾಗಿಲ ಈಚೆ ಕೂತು ಯಾರದೋ ಫೋಟೋ ನೆಟ್ಟಗೆ ಮಾಡುತ್ತಿದ್ದೆ. ಬಂದು ನೀರು ಕುಡಿದ. ರಿಪೋರ್ಟ್ ಕೇಳಿದ.

"ಎಲ್ಲಾ ಟೆಸ್ಟ್ ಡೇಟಾ ತಗದೇನಿ ಅಂದಿದ್ದಿ" ಅಂದೆ.

"ಅದೊಂದನ್ನ ತಗ್ಯಾಕ ಮನಸ ಬರ್ಲಿಲ್ಲ" ಅಂದ. ಅಳುತ್ತಿದ್ದ. "ಖರೇನ ಹೇಳಾಕತ್ತೇನಿ. ಕೈ ಬರ್ಲಿಲ್ಲ."

ಅದೂ ಖರೆ ಇದ್ದೀತು. ನನ್ನನ್ನು ಪ್ರೀತಿಸುತ್ತಾನೆ, ಅದರಲ್ಲಿ ನನಗೆ ಸಂಶಯವಿಲ್ಲ. ಕಂಪ್ಯೂಟರಿನಲ್ಲಿ ಅಳಿಸಲು ಕೈ ಬರಲಿಲ್ಲ, ಅಪ್ಪನ ಎದುರು ಅಳಿಸಲು ಬಾಯಿ ಬಂತು.

"ಒಂದ ವರ್ಷ ಹೋಗ್ಲಿ ಆಮ್ರಾ. ಎಲ್ಲಾ ತಣ್ಣಗಾಗ್ಲಿ..."

ಊಟದ ಡಬ್ಬಿ ಬಿಚ್ಚಲಿಲ್ಲ. ಬಳೆ ತೆಗೆಯಲು ನೋಡಿದೆ, ಅವ್ವ ಬಿಗಿಯಾದ ಅಳತೆಯದೇ ತಂದಿದ್ದಾಳೆ.

ಏಪ್ರಿಲ್ 14, ಸೋಮವಾರ

ಜಯಂತಿ. ಓಣಿಯೆಲ್ಲ ನೀಲಿ. ಅಪ್ಪ ಬಣ್ಣದ ಅಂಗಿಯಲ್ಲಿ ಮೆರವಣಿಗೆಗೆ ಹೊರಟ. "ಬಿಳೇದ ಎಲ್ಲೈತಿ?" ಅಂತ ಅವ್ವ ಕೇಳಿದಳು. ಒಗೆಯಲು ಬಿದ್ದಿದೆ ಅಂದ.

ಟ್ರಂಕಿನಲ್ಲೇ ಇದೆ, ಮಡಿಚಿದ್ದು. ಬೆಳಿಗ್ಗೆ ನೋಡಿದ್ದೆ.

ನನಗೆ ಗೊತ್ತಿದೆ ಅಂತ ಅವನಿಗೆ ಹೇಳಿಲ್ಲ. ಹೇಳಿದರೆ ಅವನು ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳು ವ್ಯರ್ಥವಾಗುತ್ತದೆ.

ಮೇ 12, ಸೋಮವಾರ

ಪೂರ್ಣಿಮೆ. ವೃಷಭ ಕಳೆದ ವಾರವೇ ಬೆಳಗಾವಿ ಟೀಮಿಗೆ ಹೋದ, ತಾನೇ ಕೇಳಿಕೊಂಡು. ಹೋಗುವ ದಿನ ನಾನು ಬೇಕೆಂದೇ ಹುಕ್ಕೇರಿ ಕಚೇರಿಗೆ ಹೋಗಿದ್ದೆ.

ಬೇರೆ ಏನೂ ಇಲ್ಲ.

ಮೇ 20, ಮಂಗಳವಾರ

ಮೂಡಲಗಿ. ಕೇದಾರಿಯವರ ಮೇಜಿನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹುಡುಗನ ಹೆಸರು ಲಖನ, ಟಂಟಂ ಆಟೋ ಓಡಿಸುತ್ತಾನೆ. ಹುಡುಗಿ ಬೇರೆ ಜಾತಿ. ಫೋನಿನಲ್ಲೇ ಅರ್ಜಿ ಹಾಕಿದ್ದರು, ಒಂದು ಸಲವೂ ಕಚೇರಿಗೆ ಬಂದಿರಲಿಲ್ಲ. ದುಡ್ಡು ಬಂದಿದೆ. ಯಾರು ಮಾಡಿಕೊಟ್ಟರು ನೋಡಿಕೊಂಡು ಹೋಗೋಣ ಅಂತ ಬಂದಿದ್ದಾರೆ.

"ನಮಸ್ಕಾರ ಮಾಡಾಕ ಬಂದಾರ ನೋಡ್ರಿ ಮೇಡಮ್ಮಾರ! ಯಾರೂ ಬರೂದಿಲ್ಲ ಅಂದಿದ್ರಿ ನೀವು" ಅಂದರು ಕೇದಾರಿ. ಮುಖ ಅರಳಿತ್ತು.

ಹುಡುಗಿ ಕೇಳಿದಳು, "ಅಕ್ಕಾರ, ನಿಮ್ಮ ಮದವಿ ಆಗೇತೇನ್ರಿ?" ಬಳೆ ನೋಡಿ ಕೇಳಿರಬೇಕು.

ಇಲ್ಲ ಅಂದೆ. ಹೊರಗೆ ಬಂದು ಬೇವಿನ ಗಿಡದ ಹಿಂದೆ ನಿಂತು ಅತ್ತೆ. ನಾವು ಕಟ್ಟಿದ್ದು ಚೆನ್ನಾಗಿದೆ. ಅವನೂ ನಾನೂ ಕೂಡಿ ಕಟ್ಟಿದ್ದು, ನಿಜವಾಗಿ ಚೆನ್ನಾಗಿದೆ. ಯಾರ ಯಾರ ಮನೆಗೋ ತಲುಪುತ್ತಿದೆ. ಅದೇ ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.

ಮೇ 23, ಶುಕ್ರವಾರ. ಮಧ್ಯಾಹ್ನ

ಪ್ರಾಜೆಕ್ಟ್ ಮ್ಯಾನೇಜರ್ ಸ್ವಪ್ನಿಲ್ ಸರ್ ಫೋನ್ ಮಾಡಿದ್ದರು.

"ಆಮ್ರಪಾಲಿ, ಲೈವ್‌ನ್ಯಾಗ ಒಂದ ಟೆಸ್ಟ್ ಅರ್ಜಿ ಉಳದೈತಿ. ತಾನ ಮುಂದ ಸರದು ಮಂಜೂರಿಗಿ ಬಂದೈತಿ ನೋಡ್ರಿ. ದುಡ್ಡ ಬಿಡುಗಡಿ ಆಗೂದ್ರಾಗ ತಗೀಬೇಕು."

ಹೆಸರು ಹೇಳಲಿಲ್ಲ ಅವರು. ಓದಿರುತ್ತಾರೆ. ಒಳ್ಳೆಯ ಮನುಷ್ಯ.

ಲೈವ್ ಆದ ಮೇಲೆ ಯಾವ ಅರ್ಜಿಯನ್ನೂ ನಾವು ಹಿಂದಿನಿಂದ ಅಳಿಸುವಂತಿಲ್ಲ. ಅರ್ಜಿದಾರರೇ ಹಿಂಪಡೆಯಬೇಕು. ಮದುವೆಯ ಅರ್ಜಿಯಾದರೆ ಗಂಡ ಹೆಂಡತಿ ಇಬ್ಬರ ಓಟಿಪಿಯೂ ಬೇಕು, ಒಬ್ಬರಿಗೊಬ್ಬರು ಮೋಸ ಮಾಡಬಾರದು ಅಂತ.

ತೆರೆದೆ. ಕಾರಣ ಆರಿಸಿ ಅನ್ನುತ್ತದೆ. ಮರಣ. ವಿಚ್ಛೇದನ. ತಪ್ಪು ಮಾಹಿತಿ. ತಪ್ಪು ಮಾಹಿತಿ ಒತ್ತಿದೆ.

ಮೊದಲು ಗಂಡನ ಓಟಿಪಿ. ಏಪ್ರಿಲ್‌ನಲ್ಲೇ ಆಧಾರ್‌ಗೆ ತನ್ನ ನಂಬರ್ ಹಾಕಿಸಿಕೊಂಡಿದ್ದಾನೆ, ಕೊನೆಯ ಅಂಕಿಗಳು ಅವನ ಫೋನಿನವೇ. ಅರ್ಜಿ ಹಿಂಪಡೆಯುತ್ತಿದ್ದೇನೆ, ಓಟಿಪಿ ಕಳಿಸು ಅಂತ ಬರೆದೆ. ಇಷ್ಟು ದಿನದ ಮೇಲೆ ಮೊದಲ ಮಾತು. ಫೋನ್ ಮಾಡುತ್ತಾನೆ ಅಂದುಕೊಂಡೆ. ಬೇಡ ಅನ್ನುತ್ತಾನೆ... ಅಥವಾ ಯಾಕೆ ಅನ್ನುತ್ತಾನೆ... ಮೊಬೈಲ್ ಮೇಜಿನ ಮೇಲೆ ಇಡುವುದರೊಳಗೆ ಬಂತು. ಬರೀ ಅಂಕಿ. ಹಿಂದೆ ಮುಂದೆ ಒಂದಕ್ಷರವಿಲ್ಲ. ಎರಡು ವರ್ಷ ಒಂದು ತಾರೀಖು ಕೊಡಲಾಗದವನು ಇದನ್ನು ಕೊಡಲು ಉಸಿರಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಹೆಂಡತಿಯದು. ಅದು ಅಪ್ಪನ ಫೋನಿಗೆ ಹೋಯಿತು.

ಫೋನ್ ಹಚ್ಚಿದೆ. "ಅಪ್ಪಾ, ಒಂದ ಮೆಸೇಜ್ ಬಂದಿರ್ತೈತಿ ನೋಡು. ಅದರಾಗಿನ ಅಂಕಿ ಹೇಳು."

ಅಪ್ಪ ಯಾವುದನ್ನೂ ಅರ್ಧ ಓದುವವನಲ್ಲ. ಮೊದಲಿಂದ ಓದಿದ, ಸಣ್ಣ ದನಿಯಲ್ಲಿ, ಒಂದೊಂದೇ ಪದ. ವಿವಾಹ... ಪ್ರೋತ್ಸಾಹಧನ... ಅರ್ಜಿ... ಹಿಂಪಡೆಯಲು... ಅಲ್ಲಿಗೆ ನಿಂತ.

"ಹಿಂದಕ್ಕ ತಗೊಳ್ಳಾಕತ್ತೀಯೇನವಾ?"

"ಹೂಂನಪ್ಪಾ."

ಅವನ ಹಿಂದೆ ಎಲ್ಲೋ ಅವ್ವ ಕೋಳಿ ಓಡಿಸುತ್ತಿದ್ದಳು. ಅಪ್ಪ ಆ ಕಡೆಯಿಂದ ಎದ್ದು ಹೋದದ್ದು ಕೇಳಿಸಿತು, ದನಿ ದೂರವಾಯಿತು. ಹುಕ್ಕೇರಿಯಲ್ಲಿ ನಡೆದದ್ದು ನನಗೆ ಗೊತ್ತಾಗಿದೆ ಅಂತ ಅವನಿಗೆ ಯಾವಾಗಿನಿಂದ ಗೊತ್ತೋ.

"ಅಂವನೂ ಕೊಡಬೇಕೇನ ಅಂಕಿ?"

"ಕೊಟ್ಟಾನಪ್ಪಾ."

"ಕೇಳಿದ ಕೂಡ್ಲೆ ಕೊಟ್ನೇನ?"

ಪರದೆಯ ಮೇಲೆ ಸಮಯ ಓಡುತ್ತಿತ್ತು.

"ಇಲ್ಲಪ್ಪಾ" ಅಂದೆ. "ಒಲ್ಲೆ ಒಲ್ಲೆ ಅಂದ. ಭಾಳ ಅತ್ತ. ಮುಂಜಾನಿಂದ ಕೇಳಿ ಕೇಳಿ ಈಗ ಕೊಟ್ಟ."

"ಹೌದೇನು" ಅಂದ ಅಪ್ಪ. ದೊಡ್ಡ ಉಸಿರು ಬಿಟ್ಟ. "ಆತು ಹಂಗಾರ. ಚೊಲೋ ಹುಡಗ. ಬರ್ಕೋ."

ನಾಕು, ಅಂದ.

ಸೊನ್ನಿ, ಅಂದ.

ಆಮೇಲೆ ಉಳಿದವನ್ನೂ ಒಂದೊಂದಾಗಿ ಹೇಳಿದ, ನಾನು ಒಂದೊಂದಾಗಿ ಒತ್ತಿದೆ.